ವಾಘೋಲಿಯಲ್ಲಿ ಬಾಡಿಗೆ ಕಡಿಮೆ, ಸರಿ. ಪುಣೆಯಲ್ಲಿ ಮಳೆ ಜಾಸ್ತಿ ಅಂತ ನಿಮಗೆ ಹೇಳಿದ್ದು ಯಾರು?

ಪ್ರಶ್ನೆ: "ಸರ್, ಮಗನಿಗೆ ಖರಾಡಿಯೊಳಗ ಕೆಲಸ ಸಿಕ್ಕೈತಿ, ಸೊಸಿನೂ ಕೆಲಸಕ್ಕ ಹೋಗ್ತಾಳ. ವಾಘೋಲಿ ಕಡೆ ಬಾಡಗಿ ಕಡಿಮಿ ಅಂತಾರ. ತಿಂಗಳಿಗೆ ಖರ್ಚು ಎಷ್ಟ ಬರ್ತದ, ರಾತ್ರಿ ಹೆಣ್ಮಕ್ಕಳು ಓಡಾಡಬಹುದೇನ್ರಿ? ನೀರಿಂದು ಕೇಳೂದು ಬ್ಯಾಡ ಬಿಡ್ರಿ, ಪುಣೆದಾಗ ಮಳಿ ಭಾಳ."

ಉತ್ತರ: ಈ ಪ್ರಶ್ನೆ ಹುಬ್ಬಳ್ಳಿಯಿಂದ ಬರುತ್ತೆ, ವಿಜಯಪುರದಿಂದ ಬರುತ್ತೆ, ಕಲಬುರಗಿಯಿಂದ ಬರುತ್ತೆ, ಮಗನ ಕಂಪನಿ ಬೇರೆ ಇರುತ್ತೆ ಅಷ್ಟೇ, ಕೊನೆ ಸಾಲು ಮಾತ್ರ ಅಚ್ಚು ಹೊಡೆದ ಹಾಗೆ ಅದೇ. ಕೇಳೋದು ಬೇಡ ಅಂತೀರಲ್ಲ, ಕೇಳಬೇಕಾಗಿದ್ದೇ ಅದನ್ನ.

ಮೊದಲು ಬಾಡಿಗೆ, ಯಾಕಂದ್ರೆ ಅದು ಬೇಗ ಮುಗಿಯುತ್ತೆ. ಪುಣೆ ಅಂಚಿನ ವಾಘೋಲಿಯಲ್ಲಿ ಸಾಧಾರಣ 2 ಬಿಎಚ್‌ಕೆ 18ರಿಂದ 25 ಸಾವಿರದೊಳಗೆ ಸಿಗುತ್ತೆ, ಅಂಥದ್ದೇ ಮನೆ ಐಟಿ ಕಂಪನಿಗಳಿರೋ ಖರಾಡಿಯಲ್ಲಿ ಕೇಳಿದ್ರೆ ಮಾತು 35ರಿಂದ ಶುರು. ಡಿಪಾಸಿಟ್ ಎರಡು ಮೂರು ತಿಂಗಳ ಬಾಡಿಗೆಯಷ್ಟು, ಬೆಂಗಳೂರಿನ ಥರ ಹತ್ತು ತಿಂಗಳದ್ದು ಕೇಳಿ ಜೀವ ತೆಗೆಯಲ್ಲ. ಅಗ್ರಿಮೆಂಟ್ 11 ತಿಂಗಳದ್ದು, ಲೀವ್ ಅಂಡ್ ಲೈಸೆನ್ಸ್ ಅಂತಾರೆ, ಮಹಾರಾಷ್ಟ್ರದಲ್ಲಿ ಇದನ್ನ ರಿಜಿಸ್ಟರ್ ಮಾಡಿಸೋದು ಕಡ್ಡಾಯ, ನೋಟರಿ ಸೀಲ್ ಹೊಡೆಸಿಕೊಂಡು ಬಂದ್ರೆ ಸಾಕು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಏಜೆಂಟ್ ಲ್ಯಾಪ್‌ಟಾಪು, ಹೆಬ್ಬೆಟ್ಟಿನ ಮಷಿನ್ ತಗೊಂಡು ಮನೆಗೇ ಬರ್ತಾನೆ. ಸ್ಟಾಂಪ್ ಡ್ಯೂಟಿ ಒಟ್ಟು ಬಾಡಿಗೆಯ 0.25 ಪರ್ಸೆಂಟ್, ಅಂದ್ರೆ 22 ಸಾವಿರದ ಮನೆಗೆ 11 ತಿಂಗಳಿಗೆ ಆರುನೂರು ಚಿಲ್ಲರೆ, ರಿಜಿಸ್ಟ್ರೇಶನ್ ಫೀ 1,000, ಮಿಕ್ಕಿದ್ದು ಏಜೆಂಟನ ಜೇಬಿಗೆ. ಬಾಡಿಗೆದಾರರ ಪೊಲೀಸ್ ವೆರಿಫಿಕೇಶನ್ ಆನ್‌ಲೈನ್‌ನಲ್ಲೇ ಆಗುತ್ತೆ, ಮಾಡಿಸಿ. ಕಿರಾಣಿ, ಹಾಲು, ಕೆಲಸದ ಮಾವ್ಶಿ ಇವೆಲ್ಲ ಪುಣೆಯ ಬೇರೆ ಕಡೆ ಎಷ್ಟೋ ಇಲ್ಲೂ ಅಷ್ಟೇ, ಜೋಳದ ಹಿಟ್ಟು ಬೀಸೋ ಗಿರಣಿ ಗಲ್ಲಿಗೊಂದಿದೆ, ಆ ಚಿಂತೆ ಬಿಡಿ.

ಈಗ ಮಳೆ.

ಪುಣೆ ಊರಲ್ಲಿ ವರ್ಷಕ್ಕೆ ಸರಾಸರಿ ಬೀಳೋ ಮಳೆ 700ರಿಂದ 750 ಮಿಲಿಮೀಟರ್. ಬೆಂಗಳೂರಲ್ಲಿ 950 ದಾಟುತ್ತೆ. ಇನ್ನೊಂದ್ಸಲ ಓದಿ, ಬೆಂಗಳೂರಿಗಿಂತ ಪುಣೆಯಲ್ಲಿ ಮಳೆ ಕಡಿಮೆ. ಇದನ್ನ ಹೇಳಿದಾಗ ಜನ ನನ್ನನ್ನೇ ವಿಚಿತ್ರವಾಗಿ ನೋಡ್ತಾರೆ, ಯಾಕಂದ್ರೆ ಅವರು ನೋಡಿರೋದು ಪುಣೆ-ಮುಂಬೈ ನಡುವೆ ಘಟ್ಟದ ಮೇಲಿರೋ ಲೋಣಾವಳ, ಅದೂ ಜುಲೈ ತಿಂಗಳದ್ದು, ಭುಶಿ ಡ್ಯಾಮಿನ ಮೆಟ್ಟಿಲ ಮೇಲೆ ಕೂತು ಭಜಿ ತಿಂದ ಫೋಟೊ ಈಗಲೂ ಫೋನಲ್ಲಿರುತ್ತೆ. ಲೋಣಾವಳದಲ್ಲಿ 4,000 ಮಿಲಿಮೀಟರ್ ದಾಟುತ್ತೆ ಸ್ವಾಮಿ, ನಿಜ, ಮುಂಬೈಯಲ್ಲೂ 2,000 ದಾಟುತ್ತೆ, ಅದೂ ನಿಜ. ಆದ್ರೆ ಅರಬ್ಬಿ ಸಮುದ್ರದಿಂದ ಬರೋ ಮೋಡ ಸಹ್ಯಾದ್ರಿ ಹತ್ತುವಾಗ್ಲೇ ಇದ್ದಬದ್ದದ್ದೆಲ್ಲ ಸುರಿದು ಈ ಕಡೆ ಇಳಿಯುವಾಗ ಖಾಲಿ ಕೈಯಲ್ಲಿರುತ್ತೆ. ಪುಣೆ ಇರೋದು ಘಟ್ಟದ ಬೆನ್ನಿನ ಕಡೆ, ಮಳೆ ನೆರಳಲ್ಲಿ. ವಾಘೋಲಿ ಅಂತೂ ಪುಣೆಯ ಪೂರ್ವದ ತುದಿ, ಅಲ್ಲಿಂದ ಶಿರೂರು, ಅಹಮದ್‌ನಗರ (ಈಗಿನ ಹೆಸರು ಅಹಿಲ್ಯಾನಗರ) ಅಂತ ಮುಂದೆ ಹೋದ ಹಾಗೆ ಅದು ನೇರ ಬರಗಾಲದ ಸೀಮೆ. ಲೋಣಾವಳ ನೋಡಿ ವಾಘೋಲಿಯಲ್ಲಿ ಮನೆ ಹಿಡಿಯೋದು ಆಗುಂಬೆ ಮಳೆ ನೋಡಿ ಚಿತ್ರದುರ್ಗದಲ್ಲಿ ಸೈಟ್ ತಗೊಂಡ ಹಾಗೆ.

"ಮತ್ತೆ ಟಿವಿಯಲ್ಲಿ ಪುಣೆ ಮುಳುಗಿದ್ದು ತೋರಿಸ್ತಾರಲ್ಲ" ಅಂತ ಮುಂದಿನ ಪ್ರಶ್ನೆ ಬರುತ್ತೆ, ಗೊತ್ತು. 2024ರ ಜುಲೈಯಲ್ಲಿ ಸಿಂಹಗಡ ರೋಡಿನ ಏಕತಾ ನಗರಿಯಲ್ಲಿ ಕೆಳಗಿನ ಮನೆಗಳಿಗೆಲ್ಲ ನೀರು ನುಗ್ಗಿತ್ತು, ದೋಣಿ ತಂದು ಜನರನ್ನ ಕರ್ಕೊಂಡು ಹೋದ್ರು. ಅದರಲ್ಲಿ ದೊಡ್ಡ ಪಾಲು ಖಡಕ್‌ವಾಸ್ಲಾ ಡ್ಯಾಮಿಂದ ಬಿಟ್ಟ ನೀರು, ಆ ಡ್ಯಾಮ್ ತುಂಬೋದು ಮೇಲೆ ಘಟ್ಟದಲ್ಲಿ ಬಿದ್ದ ಮಳೆಗೆ. ನದಿ ದಂಡೆಯಲ್ಲಿ ಮಂಚದ ಮಟ್ಟಕ್ಕೆ ನೀರು ಬಂದ ಅದೇ ವಾರ ವಾಘೋಲಿಯಲ್ಲಿ ಟ್ಯಾಂಕರ್ ಓಡಾಡ್ತಾ ಇರುತ್ತೆ, ಎರಡೂ ಒಂದೇ ಊರಲ್ಲಿ ನಡೆಯುತ್ತೆ, ಅದರಲ್ಲಿ ವಿರೋಧಾಭಾಸ ಏನೂ ಇಲ್ಲ.

ಸರಿ, ಘಟ್ಟದಲ್ಲಿ ಬಿದ್ದಿದ್ದಾದ್ರೂ ಪೂರ್ತಿ ಪುಣೆಗೆ ಬರುತ್ತಾ? ಅದೂ ಇಲ್ಲ. ಮುಳಶಿ ಡ್ಯಾಮ್ ಇದೆಯಲ್ಲ, ಮುಳಾ ನದಿಗೆ ಕಟ್ಟಿದ್ದು, ಅದು ಟಾಟಾದವರು ಕರೆಂಟಿಗೆ ಅಂತ ಕಟ್ಟಿದ ಡ್ಯಾಮು. 1921ರಲ್ಲಿ ಸೇನಾಪತಿ ಬಾಪಟ್ ಮುಂದಾಳತ್ವದಲ್ಲಿ ರೈತರು ಸತ್ಯಾಗ್ರಹ ಮಾಡಿದ್ದು ಇದೇ ಡ್ಯಾಮಿನ ವಿರುದ್ಧ. ಇವತ್ತಿಗೂ ಆ ನೀರನ್ನ ಪಶ್ಚಿಮಕ್ಕೆ ತಿರುಗಿಸಿ ಘಟ್ಟದ ಕೆಳಗೆ ಭಿರಾದ ಪವರ್‌ಹೌಸಿಗೆ ಬಿಡ್ತಾರೆ, ಅಲ್ಲಿಂದ ಕೊಂಕಣಕ್ಕೆ ಹರಿದು ಸಮುದ್ರ ಸೇರುತ್ತೆ. ಪುಣೆಗೆ ಕುಡಿಯೋಕೆ ಇರೋದು ಮುಖ್ಯವಾಗಿ ಖಡಕ್‌ವಾಸ್ಲಾ, ಪಾನ್‌ಶೇತ್, ವರಸಗಾವ್, ಟೇಮ್‌ಘರ್ ನಾಲ್ಕು ಡ್ಯಾಮು, ಎಲ್ಲ ಸೇರಿ 29 ಟಿಎಂಸಿ ಚಿಲ್ಲರೆ, ಅದರಲ್ಲೂ ದೌಂಡ್, ಇಂದಾಪುರದ ಹೊಲಗಳಿಗೆ ಕಾಲುವೆಯಲ್ಲಿ ಪಾಲು ಹೋಗಬೇಕು, ಪ್ರತಿ ಬೇಸಿಗೆ ಇದೇ ಜಗಳ.

"ಬೋರ್‌ವೆಲ್ ಇರುತ್ತಲ್ಲ?" ಇರುತ್ತೆ, ಬಿಲ್ಡರ್ ತೋರಿಸ್ತಾನೂ. ಆದ್ರೆ ಕೆಳಗಿರೋದು ಗಟ್ಟಿ ಕರಿಕಲ್ಲು, ಬಿರುಕಿದ್ದಲ್ಲಿ ಮಾತ್ರ ನೀರು ನಿಲ್ಲುತ್ತೆ. ವಾಘೋಲಿ ಹೆಸರು ಮಾಡಿದ್ದೇ ಕಲ್ಲು ಕ್ವಾರಿಗಳಿಗೆ, ಅಲ್ಲಿ ಕಲ್ಲು ಒಡೆಯೋಕೆ ಬಂದ ವಡ್ಡರ ಮನೆಗಳು ಐಟಿ ಟವರ್‌ಗಳಿಗಿಂತ ಎಷ್ಟೋ ಮೊದಲಿನವು. ಆ ಕಲ್ಲಲ್ಲಿ ಐನೂರು ಅಡಿ ಕೊರೆದ್ರೂ ಮಾರ್ಚ್ ಬಂತು ಅಂದ್ರೆ ಮೋಟರ್ ಬರೀ ಗಾಳಿ ಎಳೆಯುತ್ತೆ.

ಕೊನೇ ಆಸರೆ, "ಈಗ ಮಹಾನಗರಪಾಲಿಕೆಗೆ ಸೇರಿದೆಯಲ್ಲ, ನಲ್ಲಿ ನೀರು ಬರುತ್ತೆ." 2021ರ ಜೂನ್ ಕೊನೆಯಲ್ಲಿ 23 ಹಳ್ಳಿ ಪಾಲಿಕೆಗೆ ಸೇರಿದ್ವು, ಅದರಲ್ಲಿ ವಾಘೋಲಿನೂ ಒಂದು. ಬೋರ್ಡ್ ಬದಲಾಯ್ತು. ಪೈಪು ಬೋರ್ಡಿನ ಸ್ಪೀಡಲ್ಲಿ ಬರಲ್ಲ. ಸೇರಿದ ಮೇಲೂ ಬಹಳಷ್ಟು ಸೊಸೈಟಿ ಟ್ಯಾಂಕರ್ ಮೇಲೇ ನಿಂತಿವೆ. ಇನ್ನೊಂದು ಗುಟ್ಟು, ಹೊಸ ಕಟ್ಟಡಕ್ಕೆ ಪರ್ಮಿಷನ್ ಕೊಡುವಾಗ ಪಾಲಿಕೆ ನೀರು ಬರೋ ತನಕ ನಾನೇ ಕೊಡ್ತೀನಿ ಅಂತ ಬಿಲ್ಡರ್ ಕಡೆಯಿಂದ ಬರೆಸಿಕೊಂಡಿರ್ತಾರೆ, ಸೊಸೈಟಿ ಹ್ಯಾಂಡೋವರ್ ಆದ ಮರುದಿನ ಆ ಕಾಗದ ಯಾರ ಬೀರುವಿನಲ್ಲಿದೆ ಅಂತಲೂ ಯಾರಿಗೂ ನೆನಪಿರಲ್ಲ.

ಈಗ ಲೆಕ್ಕ ಹಾಕೋಣ, ಪೆನ್ನು ತಗೊಳ್ಳಿ. ತಲೆಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರದ್ದೇ ಅಳತೆ. 100 ಫ್ಲಾಟಿನ ಸೊಸೈಟಿ, ಮನೆಗೆ ಮೂರೂವರೆ ಜನ ಅಂದ್ಕೊಂಡ್ರೆ ದಿನಕ್ಕೆ 47 ಸಾವಿರ ಲೀಟರ್ ಚಿಲ್ಲರೆ, ಅಂದ್ರೆ 10 ಸಾವಿರ ಲೀಟರಿನ ಟ್ಯಾಂಕರ್ ಐದು. ಟ್ಯಾಂಕರಿಗೆ ಬರೀ ಸಾವಿರ ರೂಪಾಯಿ ಹಿಡಿದ್ರೂ ತಿಂಗಳಿಗೆ ಒಂದೂವರೆ ಲಕ್ಷ, ಮನೆಗೆ 1,500. ಬೇಸಿಗೆಯಲ್ಲಿ ರೇಟು ಸಾವಿರಕ್ಕೆ ನಿಲ್ಲಲ್ಲ, ದುಪ್ಪಟ್ಟಾದ್ರೆ 3,000. ಖರಾಡಿ ಬಿಟ್ಟು ವಾಘೋಲಿಗೆ ಬಂದು ಉಳಿಸ್ತೀವಿ ಅಂದ್ಕೊಂಡ ದುಡ್ಡಲ್ಲಿ ಒಂದು ಭಾಗ ಇಲ್ಲೇ ಹೋಯ್ತಲ್ಲ?

ಬೆಳಗಿನ ಜಾವ ಗೇಟಿನ ಹತ್ರ ಹೋಗಿ ನಿಂತು ನೋಡಿ. ಟ್ಯಾಂಕರ್ ರಿವರ್ಸ್ ಬರುತ್ತೆ, ವಾಚ್‌ಮನ್ ರಿಜಿಸ್ಟರಿನಲ್ಲಿ ಗಾಡಿ ನಂಬರು, ಟೈಮು ಬರೆದು ಡ್ರೈವರ್ ಹತ್ರ ಸಹಿ ಹಾಕಿಸ್ತಾನೆ, ಟ್ಯಾಂಕರಿನ ಮೇಲೆ ಹತ್ತಿ ಮುಚ್ಚಳ ತೆಗೆದು ಟಾರ್ಚ್ ಬಿಡ್ತಾನೆ, ಯಾಕಂದ್ರೆ ಮುಕ್ಕಾಲು ತುಂಬಿ ಪೂರ್ತಿ ಬಿಲ್ ಮಾಡೋರೂ ಇದ್ದಾರೆ, ಆಮೇಲೆ ದಪ್ಪ ಪೈಪು ಸಂಪಿಗೆ ಬೀಳುತ್ತೆ. ಏಳೂವರೆಗೆ ಸೆಕ್ರೆಟರಿ ಆ ಪುಟದ ಫೋಟೊ ಗ್ರೂಪಿಗೆ ಹಾಕ್ತಾರೆ, ಎಂಟಕ್ಕೆ ಜಗಳ ಶುರು, ಯಾರೋ ಕಾರ್ ತೊಳೆದ್ರು ಅಂತ.

ಹಾಗಾಗಿ ಮನೆ ನೋಡೋಕೆ ಹೋದಾಗ ಮಾಡ್ಯುಲರ್ ಕಿಚನ್ ಆಮೇಲೆ ನೋಡಿ, ಮೊದಲು ಸೆಕ್ರೆಟರಿ ಹತ್ರ ಹೋದ ವರ್ಷದ ಏಪ್ರಿಲ್, ಮೇ ಟ್ಯಾಂಕರ್ ಬಿಲ್ ಕೇಳಿ. ನೀರಿನ ದುಡ್ಡು ಮೇಂಟೆನೆನ್ಸ್‌ನಲ್ಲೇ ಸೇರಿದೆಯಾ, ಬೇರೆಯಾ, ಬೇರೆ ಆದ್ರೆ ಓನರ್ ಕೊಡ್ತಾನಾ ನೀವು ಕೊಡಬೇಕಾ, ಅಗ್ರಿಮೆಂಟಿನಲ್ಲಿ ಬರೆಸಿ. ಬಾತ್‌ರೂಮಿನ ನಲ್ಲಿ ನೋಡಿ, ಸುತ್ತ ಬಿಳಿ ಸುಣ್ಣ ಕಟ್ಟಿದ್ರೆ ನೀರು ಗಡಸು, ಗೀಸರ್ ಕಾಯಿಲ್ ಬೇಗ ಹೋಗುತ್ತೆ. ಕುಡಿಯೋ ನೀರಿನ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. 2025ರ ಜನವರಿಯಲ್ಲಿ ಊರಿನ ಇನ್ನೊಂದು ಕಡೆ ಸಿಂಹಗಡ ರೋಡ್, ನಾಂದೇಡ್ ಗ್ರಾಮದ ಸುತ್ತ ಜಿಬಿಎಸ್ ಅನ್ನೋ ನರಗಳ ಕಾಯಿಲೆ ಒಮ್ಮೆಗೇ ಹಬ್ಬಿದಾಗ ಅನುಮಾನ ಹೋಗಿದ್ದು ಕೆಟ್ಟ ನೀರಿನ ಮೇಲೇ, ಅದೂ ಹೀಗೇ ಪಾಲಿಕೆಗೆ ಹೊಸದಾಗಿ ಸೇರಿದ ಹಳ್ಳಿಗಳ ಕಡೆ. ಫಿಲ್ಟರ್ ಇಟ್ಕೊಳ್ಳಿ, ಕೆಟ್ಟು ಕೂತ ದಿನ ಕುದಿಸಿ ಕುಡೀರಿ.

ಸೇಫ್ಟಿಗೆ ಬರ್ತೀನಿ. ಪುಣೆ ಅಂದ ತಕ್ಷಣ ಕೋಯ್ತಾ ಗ್ಯಾಂಗಿನ, ಅಂದ್ರೆ ಮಚ್ಚು ಹಿಡಿದು ಹೆದರಿಸೋ ಪುಂಡರ, ಸುದ್ದಿ ಕಳಿಸ್ತೀರಿ, ಆ ಸುದ್ದಿ ಸುಳ್ಳಲ್ಲ, ಆದ್ರೆ ಗೇಟೆಡ್ ಸೊಸೈಟಿಯಲ್ಲಿದ್ದು ಕೆಲಸಕ್ಕೆ ಹೋಗಿ ಬರೋ ನಿಮ್ಮ ಸೊಸೆಗೆ ದಿನಾ ಎದುರಾಗೋ ಅಪಾಯ ಅದಲ್ಲ. ಮೇನ್ ರೋಡಿನ ಅಂಗಡಿ ಸಾಲಿನಲ್ಲಿ ರಾತ್ರಿ ಹತ್ತಕ್ಕೂ ಹೆಂಗಸರು ಓಡಾಡ್ತಿರ್ತಾರೆ, ಒಳಗಿನ ರೋಡುಗಳಲ್ಲಿ, ಬಕೋರಿ ರೋಡ್ ಕಡೆ ಎಲ್ಲ, ಲೈಟ್ ಇಲ್ಲದ ತುಂಡುಗಳಿವೆ, ಅಲ್ಲಿ ಕ್ಯಾಬ್ ಗೇಟಿನ ತನಕ ತರಿಸಿಕೊಳ್ಳಲಿ. ಮುಂಚೆ ಏನಾದ್ರೂ ಆದ್ರೆ ಲೋಣಿಕಂದ ಠಾಣೆಗೆ ಓಡಬೇಕಿತ್ತು, ಈಗ ವಾಘೋಲಿಗೇ ಠಾಣೆ ಬಂದಿದೆ. ನನಗೆ ಭಯ ಇರೋದು ಡಂಪರಿನದ್ದು. ಕ್ವಾರಿ ಇದೆ, ಸಿಮೆಂಟ್ ಮಿಕ್ಸರ್ ಇದೆ, ಅಹಮದ್‌ನಗರ ಹೈವೇ ಊರ ನಡುವೆನೇ ಹೋಗುತ್ತೆ. 2024ರ ಡಿಸೆಂಬರಿನಲ್ಲಿ ಕೇಸನಂದ್ ಫಾಟಾ (ಕೇಸನಂದ್ ಕಡೆ ರಸ್ತೆ ಕವಲೊಡೆಯೋ ಜಾಗ) ಹತ್ರ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿ ಜನರ ಮೇಲೆ ಡಂಪರ್ ಹತ್ತಿ ಮೂರು ಜನ ಹೋದ್ರು, ಅದರಲ್ಲಿ ಇಬ್ಬರು ಕೂಸುಗಳು. ಆ ಫಾಟಾದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸ್ಕೂಟಿ ಮೇಲಿದ್ರೆ ನಿಮ್ಮ ಹ್ಯಾಂಡಲ್ ಮಟ್ಟಕ್ಕೆ ಡಂಪರಿನ ಚಕ್ರ ಇರುತ್ತೆ, ಡ್ರೈವರಿಗೆ ನೀವು ಕಾಣಲ್ಲ. ಎಡಗಡೆಯಿಂದ ನುಗ್ಗೋ ಅಭ್ಯಾಸ ಇದ್ರೆ ಮಗನಿಗೆ ಇವತ್ತೇ ಬಿಡಿಸಿ.

ಖರಾಡಿ ಎಂಟ್ಹತ್ತು ಕಿಲೋಮೀಟರ್ ಅಷ್ಟೇ, ಆದ್ರೆ ಬೆಳಿಗ್ಗೆ ಒಂದು ಗಂಟೆ ಹಿಡೀರಿ. ಮೆಟ್ರೋ ಸದ್ಯ ರಾಮವಾಡಿ ತನಕ, 2024ರ ಮಾರ್ಚಲ್ಲಿ ಶುರುವಾಗಿದ್ದು. ಅಲ್ಲಿಂದ ವಾಘೋಲಿಗೆ ಎಳೆಯೋಕೆ 2025ರ ಜೂನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಒಪ್ಪಿಗೆ ಕೊಟ್ಟಿದೆ ಅಂದೆ, ರೈಲು ಬಂದಿದೆ ಅನ್ಲಿಲ್ಲ, ಬಿಲ್ಡರ್ ಹೋರ್ಡಿಂಗಿನಲ್ಲಿ ಮಾತ್ರ ಆಗ್ಲೇ ಸ್ಟೇಷನ್ ಎರಡು ನಿಮಿಷ.

ಯಾರೂ ಕೇಳದೇ ಇರೋದು ಒಂದಿದೆ, ಬಂದು ನೆಲೆಸಿದ ಮೇಲೆ ಮೊದಲ ಹಬ್ಬಕ್ಕೆ ಎಲ್ಲರಿಗೂ ಹೊಳೆಯುತ್ತೆ, ಇಲ್ಲಿಂದ ಊರಿಗೆ ಹೋಗೋದು ಹೇಗೆ. ಬೆಳಗಾವಿ, ಹುಬ್ಬಳ್ಳಿ ಬಸ್ಸುಗಳು ಸ್ವಾರ್‌ಗೇಟ್, ಕಾತ್ರಜ್ ಮೇಲೆ ಹೋಗ್ತವೆ, ವಾಘೋಲಿ ಅದಕ್ಕೆ ಸರಿಯಾಗಿ ಉಲ್ಟಾ ದಿಕ್ಕು. ಶುಕ್ರವಾರ ಸಂಜೆ ಬ್ಯಾಗ್ ಹೊತ್ತು ಊರಿನ ಆ ತುದಿಗೆ ಹೋಗಿ ಸೇರೋದರಲ್ಲೇ ಅರ್ಧ ಸುಸ್ತು, ಆಟೋದವರು ಮೀಟರ್ ಅಂದ್ರೆ ನಗ್ತಾರೆ. ಕೆಎ ನಂಬರಿನ ಕಾರ್ ತರಬಹುದು, ಆದ್ರೆ 12 ತಿಂಗಳು ದಾಟಿದ್ರೆ ಊರಿನ ಆರ್‌ಟಿಓದಿಂದ ಎನ್‌ಒಸಿ ತಂದು ಇಲ್ಲಿ ರಿಜಿಸ್ಟರ್ ಮಾಡಿಸಿ ಟ್ಯಾಕ್ಸ್ ಕಟ್ಟಬೇಕು, ಅಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನ ವಾಪಸ್ ಕೇಳಬೇಕು, ಆ ಫೈಲಿನ ಹಿಂದೆ ಬೀಳೋ ತಾಳ್ಮೆ ಇದ್ರೆ ತನ್ನಿ. ನನ್ನ ಕೇಳಿದ್ರೆ ರೈಲೇ ವಾಸಿ, ಪುಣೆ ಸ್ಟೇಷನ್ ಕನಿಷ್ಠ ಈ ಕಡೆಗಾದ್ರೂ ಇದೆ. 2024ರ ಸೆಪ್ಟೆಂಬರಿಂದ ಹುಬ್ಬಳ್ಳಿ ವಂದೇ ಭಾರತ್ ಇದೆ, ವಾರಕ್ಕೆ ಮೂರು ದಿನ, ಸಾತಾರಾ, ಸಾಂಗ್ಲಿ, ಮಿರಜ್, ಬೆಳಗಾವಿ, ಧಾರವಾಡ ಮೇಲೆ ಹೋಗುತ್ತೆ, ಮಧ್ಯಾಹ್ನ ಹತ್ತಿದ್ರೆ ರಾತ್ರಿ ಊಟಕ್ಕೆ ಸ್ವಲ್ಪ ತಡ ಆದ್ರೂ ಮನೆ. ದಿನ ನೋಡ್ಕೊಂಡು ಬುಕ್ ಮಾಡಿ, ವಾಘೋಲಿಯಿಂದ ಎರಡು ಗಂಟೆ ಮುಂಚೆ ಹೊರಡಿ, ಖರಾಡಿ ಬೈಪಾಸ್ ಸಿಗ್ನಲ್ಲಿಗೆ ವಂದೇ ಭಾರತ್ ಟೈಮ್‌ಟೇಬಲ್ ಯಾರೂ ಕೊಟ್ಟಿಲ್ಲ.