ತ್ರಿಕೋನ ಹುರಿ

ಹಸುಗೂಸಿನ ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ಕೆಲವೊಮ್ಮೆ ‘ಟ್ರಯಾಂಗ್ಯುಲರ್ ಕಾರ್ಡ್ ಸೈನ್’ ಎಂದು ಬರೆದಿರುತ್ತಾರೆ. ‘ತ್ರಿಕೋನ ರಜ್ಜು’ ಎಂದರೆ ಪಠ್ಯಪುಸ್ತಕದ ವಾಸನೆ ಬರುತ್ತದೆ, ಹಾಗಾಗಿ ‘ತ್ರಿಕೋನ ಹುರಿ’ ಎನ್ನುತ್ತೇನೆ. ಹುರಿಗಟ್ಟಿರುವುದು ಕೂಸಿನ ಪಿತ್ತನಾಳ.

ಯಕೃತ್ತಿನಲ್ಲಿ ತಯಾರಾದ ಪಿತ್ತರಸ ಈ ನಾಳದ ಮೂಲಕ ಕರುಳಿಗೆ ಇಳಿಯಬೇಕು. ಬಿಲಿಯರಿ ಅಟ್ರೀಸಿಯಾ ಎಂಬ ಕಾಯಿಲೆಯಲ್ಲಿ ನಾಳ ಮುಚ್ಚಿಹೋಗಿ, ನಾರುನಾರಾದ ಮುದ್ದೆಯಷ್ಟೇ ಉಳಿಯುತ್ತದೆ. ಎರಡು ವಾರ ಕಳೆದರೂ ಕಾಮಾಲೆ ಇಳಿಯುವುದಿಲ್ಲ. ಮಲ ಹಳದಿ ಬಣ್ಣ ಬಿಟ್ಟು ಜೇಡಿಮಣ್ಣಿನಂತೆ ಬಿಳಿಚುತ್ತದೆ. ಮೂತ್ರ ಬಟ್ಟೆಗೆ ಕಲೆ ಕಟ್ಟುತ್ತದೆ. ಎಳೆ ಬಿಸಿಲಿಗೆ ಮಲಗಿಸಿದರೆ ಸರಿಹೋಗುತ್ತದೆ ಎಂಬ ಬಾಣಂತಿ ಮನೆಯ ಮಾತು ಈ ಕಾಮಾಲೆಗೆ ಸಲ್ಲದು.

ಆ ಮುದ್ದೆ ಕೂತಿರುವುದು ಕರುಳಿನಿಂದ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ರಕ್ತನಾಳ ಕವಲೊಡೆಯುವ ಕಡೆ. ಅಲ್ಟ್ರಾಸೌಂಡ್ ಪರದೆಯಲ್ಲಿ ರಕ್ತನಾಳ ಕಪ್ಪಗೆ, ಅದರ ಮುಂಬದಿಗೆ ಅಂಟಿದ ನಾರು ಬೆಳ್ಳಗೆ ಕಾಣುತ್ತದೆ. ದಪ್ಪ ಸುಮಾರು 4 ಮಿಲಿಮೀಟರ್ ಮುಟ್ಟಿದರೆ ಹುರಿ ಇದೆಯೆಂದು ಲೆಕ್ಕ. ಹೆಚ್ಚುಕಡಿಮೆ ತೊಗರಿಬೇಳೆಯೊಂದರ ಅಗಲ. ದಕ್ಷಿಣ ಕೊರಿಯಾದ ವೈದ್ಯರು 1996ರಲ್ಲಿ ಇದನ್ನು ವಿವರಿಸಿದರು. ಪಿತ್ತಕೋಶ ತುಂಬಿರಲೆಂದು ಕೂಸಿಗೆ ನಾಲ್ಕು ತಾಸು ಹಾಲು ಕೊಟ್ಟಿರುವುದಿಲ್ಲ. ಹಸಿದು ಕಿರುಚುತ್ತ ಕೈಕಾಲು ಬಡಿಯುವ ಜೀವದೊಳಗೆ ಅಷ್ಟು ಸಣ್ಣದನ್ನು ಅಳೆಯಬೇಕು. ಯಂತ್ರಕ್ಕಿಂತ ಕೈಯ ಪಳಗುವಿಕೆ ಮುಖ್ಯವಾಗುವುದು ಇಲ್ಲೇ. ಪಿತ್ತಕೋಶ ಮುರುಟಿದ್ದರೆ, ಇಲ್ಲವೇ ಕಾಣದೇ ಹೋದರೆ ಅನುಮಾನ ಬಲಿಯುತ್ತದೆ.

ಹುರಿ ಕಂಡರೆ ಕಾಯಿಲೆಯ ಸಾಧ್ಯತೆ ಬಹಳ ಹೆಚ್ಚು. ಕಾಣದಿದ್ದರೆ ನಿಶ್ಚಿಂತೆಯಿಂದ ಮನೆಗೆ ಹೋಗುವಂತಿಲ್ಲ, ಎಷ್ಟೋ ಕೂಸುಗಳಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಆಗ ಹೈಡಾ ಸ್ಕ್ಯಾನ್: ರಕ್ತಕ್ಕೆ ಸೇರಿಸಿದ ಟೆಕ್ನೀಷಿಯಂ ಬೆರೆತ ಔಷಧ 24 ತಾಸಿನೊಳಗೆ ಕರುಳಿನಲ್ಲಿ ಕಂಡರೆ ದಾರಿ ತೆರೆದಿದೆ ಎಂದರ್ಥ. ಕಾಣದಿದ್ದರೆ ಮಾತ್ರ ಗೊಂದಲ, ಏಕೆಂದರೆ ಯಕೃತ್ತಿನ ತೀವ್ರ ಉರಿಯೂತದಲ್ಲೂ ಹೀಗೆಯೇ ಆಗುತ್ತದೆ.

ಈ ಸ್ಕ್ಯಾನಿಗೆ ಮುಂಚೆ ಸಾಮಾನ್ಯವಾಗಿ ಐದು ದಿನ ಪಿತ್ತರಸದ ಹರಿವು ಹೆಚ್ಚಿಸುವ ಫಿನೋಬಾರ್ಬಿಟಾಲ್ ಎಂಬ ಔಷಧ ಕೊಡುವ ರೂಢಿಯಿದೆ. ಆದರೆ ಕರುಳನ್ನು ನೇರವಾಗಿ ಯಕೃತ್ತಿಗೆ ಜೋಡಿಸುವ ಕಸಾಯಿ ಶಸ್ತ್ರಚಿಕಿತ್ಸೆಯನ್ನು 60 ದಿನ ತುಂಬುವ ಮೊದಲೇ ಮಾಡಿದರೆ ಫಲ ಹೆಚ್ಚು. ಐವತ್ತು ದಿನ ದಾಟಿದ ಕೂಸಿಗೆ ಆ ಐದು ದಿನ ದುಬಾರಿ. ಅದಕ್ಕೇ ಅನುಮಾನ ಬಲವಾಗಿದ್ದರೆ ನೇರವಾಗಿ ಆಪರೇಷನ್ ಕೋಣೆಗೆ ಒಯ್ದು, ಪಿತ್ತಕೋಶಕ್ಕೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ ಹಾಯಿಸಿ ಚಿತ್ರ ತೆಗೆಯುತ್ತಾರೆ. ದ್ರವ ಮುಂದೆ ಹರಿಯದಿದ್ದರೆ ಅದೇ ಅರಿವಳಿಕೆಯಲ್ಲಿ ಶಸ್ತ್ರಚಿಕಿತ್ಸೆ ಮುಂದುವರಿಯುತ್ತದೆ.