ಹೊಸ ಚುಕ್ಕಿಗಳು ಕಡಿಮೆ ಕಂಡರೆ ತೈಲ ಕೊರೆಯುವುದೂ ಕಡಿಮೆಯಾಯಿತೇ?

ಪ್ರಶ್ನೆ: ಅಮೆರಿಕದ ಕೊಲೊರಾಡೊ ರಾಜ್ಯದ ವೆಲ್ಡ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ತೈಲ, ಅನಿಲ ಬಾವಿಗಳನ್ನು ನಕ್ಷೆಗೆ ಹಾಕಿದೆ. ಹಳೆಯ ಬಾವಿಗಳು ಹೊಲಗಳ ತುಂಬ ಹರಡಿವೆ. 2010ರಿಂದೀಚಿನವು ಅಲ್ಲೊಂದು ಇಲ್ಲೊಂದು. ಕೊರೆಯುವ ಭರಾಟೆ ತಗ್ಗಿತೇ?

ಉತ್ತರ: ಇಲ್ಲ. 2010ರಲ್ಲಿ ಇಡೀ ಕೊಲೊರಾಡೊದ ಕಚ್ಚಾತೈಲ ಸುಮಾರು 3.3 ಕೋಟಿ ಬ್ಯಾರೆಲ್. 2019ರ ಹೊತ್ತಿಗೆ ಅದು 19 ಕೋಟಿ ಸಮೀಪಿಸಿತ್ತು. ಅದರಲ್ಲಿ ಬಹುಪಾಲು ವೆಲ್ಡ್ ಕೌಂಟಿಯದೇ.

ನಿಮ್ಮ ನಕ್ಷೆಯ ಹೊಸ ಚುಕ್ಕಿಯೊಂದನ್ನು ದೊಡ್ಡದು ಮಾಡಿ ನೋಡಿ. ಅದು ಬಿಚ್ಚಿಕೊಂಡು ಹತ್ತು, ಇಪ್ಪತ್ತು ಚುಕ್ಕಿಗಳ ಒತ್ತೊತ್ತಾದ ಸಾಲಾಗುತ್ತದೆ. 1970ರಲ್ಲಿ ಪತ್ತೆಯಾದ ಇಲ್ಲಿನ ವಾಟನ್‌ಬರ್ಗ್ ನಿಕ್ಷೇಪದಲ್ಲಿ ಮೊದಲೆಲ್ಲ ನೆಟ್ಟಗೆ ಕೆಳಕ್ಕೆ ಕೊರೆಯುತ್ತಿದ್ದರು. ಒಂದು ಬಾವಿಗೆ ಅದರ ಸುತ್ತಲಿನ ತೈಲ ಮಾತ್ರ ಸಿಗುತ್ತಿತ್ತು. ಹಾಗಾಗಿ ಮೆಕ್ಕೆಜೋಳದ ಹೊಲ, ಸಕ್ಕರೆ ಬೀಟ್ ಹೊಲಗಳಲ್ಲೆಲ್ಲ ಬಾವಿ ಬೇಕಾಯಿತು. ಈಗ ಕೊರೆಯುವ ಯಂತ್ರವಾದ ರಿಗ್ ಒಂದೇ ಜಾಗದಲ್ಲಿ ನಿಂತು ಹಲವು ಬಾವಿ ಕೊರೆಯುತ್ತದೆ. ಪ್ರತಿ ಬಾವಿ ಸುಮಾರು 2 ಕಿ.ಮೀ. ಇಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿ ಒಂದೆರಡು ಮೈಲಿ ಸಾಗುತ್ತದೆ. ಚುಕ್ಕಿ ತೋರಿಸುವುದು ಬಾವಿಯ ಬಾಯಿಯನ್ನಷ್ಟೇ. ಅದರ ಮೈ ಬೇರೆ ಯಾರದೋ ಹೊಲದ ಅಡಿಯಲ್ಲಿರುತ್ತದೆ. ಆದ್ದರಿಂದ ಅಡ್ಡಬಾವಿಗಳನ್ನು ಬಾಯಿಯಿಂದ ತುದಿಯವರೆಗೆ ಗೆರೆಯಾಗಿ ಎಳೆಯಿರಿ. ಖಾಲಿ ಅನ್ನಿಸಿದ್ದ ಜಾಗ ಬಾಚಣಿಗೆ ಹಲ್ಲುಗಳಂತೆ ತುಂಬಿಕೊಳ್ಳುತ್ತದೆ.

ತಾರೀಖಿನ ವಿಷಯದಲ್ಲೂ ಎಚ್ಚರ ಬೇಕು. ಪರವಾನಗಿ ಸಿಕ್ಕ ದಿನವನ್ನು ಹಿಡಿಯಬೇಡಿ, ಎಷ್ಟೋ ಪರವಾನಗಿಗಳು ಕಾಗದದಲ್ಲೇ ಉಳಿಯುತ್ತವೆ. ಕೊರೆಯಲು ತೊಡಗಿದ ದಿನವೇ ಸರಿ. ಸಿಮೆಂಟು ತುಂಬಿ ಮುಚ್ಚಿದ ಬಾವಿಗಳನ್ನು ಅಳಿಸದೆ ಬೇರೆ ಬಣ್ಣದಲ್ಲಿ ಉಳಿಸಿಕೊಳ್ಳಿ. ಬಾವಿಗಳನ್ನು ಎಪಿಐ ಸಂಖ್ಯೆಯಿಂದ, ಅಂದರೆ ಅಮೆರಿಕದಲ್ಲಿ ಪ್ರತಿ ಬಾವಿಗೂ ಕೊಡುವ ಗುರುತಿನ ಸಂಖ್ಯೆಯಿಂದ, ಗುರುತಿಸುವುದು ಸುಲಭ. ವೆಲ್ಡ್‌ನವು 05-123ರಿಂದ ಶುರುವಾಗುತ್ತವೆ: 05 ಕೊಲೊರಾಡೊ, 123 ಈ ಕೌಂಟಿ.

ಇಷ್ಟಾದರೂ ಒಂದು ಪದರ ಬಾಕಿ, ನನ್ನ ಮಟ್ಟಿಗೆ ಅದೇ ಮುಖ್ಯ: ಬಾವಿಯಿಂದ ತೊಟ್ಟಿಗೆ ತೈಲ, ಅನಿಲ ಒಯ್ಯುವ ನೆಲದಡಿಯ ಪೈಪುಗಳು. 2017ರ ಏಪ್ರಿಲ್‌ನಲ್ಲಿ ಇದೇ ಕೌಂಟಿಯ ಫೈರ್‌ಸ್ಟೋನ್ ಪಟ್ಟಣದಲ್ಲಿ ಮನೆಯೊಂದು ಸ್ಫೋಟಗೊಂಡು ಇಬ್ಬರು ಸತ್ತರು. 1993ರ ಬಾವಿಯೊಂದು ಆ ಮನೆಗೆ 200 ಅಡಿಗಿಂತ ಹತ್ತಿರವಿತ್ತು. ಬಳಕೆ ತಪ್ಪಿದ, ಒಂದಿಂಚಿನ ಪೈಪನ್ನು ಯಾವಾಗಲೋ ಕತ್ತರಿಸಿದ್ದರು, ಆದರೆ ಬಾವಿಯ ಕಡೆ ಅದರ ಸಂಪರ್ಕ ತಪ್ಪಿಸಿರಲಿಲ್ಲ. ಅನಿಲ ಮಣ್ಣಿನೊಳಗಿಂದ ನೆಲಮಾಳಿಗೆಗೆ ನುಗ್ಗಿತು. ಬಾವಿ ಎಲ್ಲಿದೆಯೆಂದು ಸರ್ಕಾರದ ನಕ್ಷೆ ಹೇಳುತ್ತಿತ್ತು. ಪೈಪು ಎಲ್ಲೆಲ್ಲಿ ಹಾದಿದೆ ಎಂದು ಜನ ನೋಡಬಹುದಾದ ರಾಜ್ಯವ್ಯಾಪಿ ನಕ್ಷೆ ಆಗ ಇರಲಿಲ್ಲ. ಪೈಪುಗಳ ಮಾಹಿತಿ ಜನರಿಗೆ ಸಿಗಬೇಕೆಂದು ರಾಜ್ಯ ಕಾನೂನು ಮಾಡಿದ್ದು 2019ರಲ್ಲಿ. ನಿಮ್ಮ ನಕ್ಷೆಗೆ ಆ ಪೈಪುಗಳನ್ನೂ, ಅವುಗಳ ಮೇಲೆ ಹೊಸ ಬಡಾವಣೆಗಳ ಗಡಿಯನ್ನೂ ಸೇರಿಸಿ ನೋಡಿ.