ಬಕೆಟ್ ಹೋಗಿ ಕ್ಯೂಆರ್ ಬಂತು: ಕ್ರೌಡ್‌ಫಂಡಿಂಗ್ ಬಗ್ಗೆ ನನ್ನ ಟಿಪ್ಪಣಿ

ಕಳೆದ ವಾರ ನಮ್ಮ ಕಾಸರಗೋಡಿನ ಬದಿಯಡ್ಕ ಬಸ್‌ಸ್ಟ್ಯಾಂಡಿನಲ್ಲಿ ಒಂದು ಫ್ಲೆಕ್ಸ್ ನೋಡಿದೆ. ಮಗುವಿನ ಫೋಟೋ, ಮಲಯಾಳದಲ್ಲೂ ಕನ್ನಡದಲ್ಲೂ ‘ಚಿಕಿತ್ಸಾ ಸಹಾಯ ಸಮಿತಿ’, ಮೂಲೆಯಲ್ಲಿ ಕ್ಯೂಆರ್ ಕೋಡ್. ನೂರು ರೂಪಾಯಿ ಹಾಕಿದೆ. ಬಸ್ಸು ಹತ್ತಿದ ಮೇಲೆ ಯೋಚನೆ ಬಂತು: ಬೇಕಾದಷ್ಟು ಸೇರಿತೋ ಇಲ್ಲವೋ, ನನಗೆ ಹೇಳುವವರು ಯಾರು? ಈ ಒಂದು ಪ್ರಶ್ನೆ ಹಿಡಿದುಕೊಂಡು ಓದಿ, ಕ್ರೌಡ್‌ಫಂಡಿಂಗ್ (ಅಂದರೆ ತುಂಬಾ ಜನರಿಂದ ಸ್ವಲ್ಪ ಸ್ವಲ್ಪ ಹಣ ಕೂಡಿಸುವುದು) ಸಲೀಸಾಗಿ ಅರ್ಥವಾಗುತ್ತದೆ.

ನಮ್ಮ ಕಡೆ ಇದು ಹೊಸತೇನಲ್ಲ. ಖಾಸಗಿ ಬಸ್ಸಿನವರು ಒಂದು ದಿನದ ಕಲೆಕ್ಷನ್ ಪೂರ್ತಿ ರೋಗಿಗೆ ಕೊಡುತ್ತಾರೆ, ಕಂಡಕ್ಟರ್ ಕೈಯಲ್ಲಿ ಬಕೆಟ್ ಇರುತ್ತದೆ. ಬಿರಿಯಾನಿ ಮಾರಿ ಹಣ ಕೂಡಿಸುವ ಬಿರಿಯಾನಿ ಚಾಲೆಂಜ್ ಗೊತ್ತೇ ಇದೆ ಅಲ್ವಾ? ಅಲ್ಲಿ ಖಜಾಂಚಿ ಊರಿನವರೇ. ಲೆಕ್ಕ ತಪ್ಪಿದರೆ ಚಾ ಅಂಗಡಿಯಲ್ಲಿ ಹಿಡಿದು ಕೇಳಬಹುದು. 2016ರಲ್ಲಿ ಯುಪಿಐ ಬಂದ ಮೇಲೆ ಹಣ ಹಾಕುವುದು ಸುಲಭವಾಯಿತು, ಹಿಡಿದು ಕೇಳುವುದು ಕಷ್ಟವಾಯಿತು.

ಇದಕ್ಕೆ ದೊಡ್ಡ ಉದಾಹರಣೆ ಪಕ್ಕದ ಕಣ್ಣೂರಿನದು. 2021ರಲ್ಲಿ ಅಲ್ಲಿನ ಮಾಟ್ಟೂಲಿನ ಒಂದು ಮಗುವಿಗೆ ಎಸ್‌ಎಂಎ ಎಂಬ ಅಪರೂಪದ ಕಾಯಿಲೆ. ಬೇಕಾದದ್ದು 18 ಕೋಟಿ ರೂಪಾಯಿಯ ಒಂದೇ ಒಂದು ಡೋಸ್ ಔಷಧಿ. ಕೆಲವೇ ದಿನಗಳಲ್ಲಿ ಸೇರಿದ್ದು 46 ಕೋಟಿಗಿಂತ ಜಾಸ್ತಿ! ಉಳಿದ ಹಣ ಯಾರದ್ದು? ಆ ಮನೆಯವರದ್ದೋ, ಕೊಟ್ಟವರದ್ದೋ, ಅದೇ ಕಾಯಿಲೆಯ ಬೇರೆ ಮಕ್ಕಳದ್ದೋ? ಅದೇ ವರ್ಷ ಕೇರಳ ಹೈಕೋರ್ಟ್ ಕೂಡ, ಇಂಥ ಹಣಸಂಗ್ರಹದ ಮೇಲೆ ಸರ್ಕಾರದ ಕಣ್ಣು ಇರಬೇಕು ಎಂದಿತು. ಮುಂದಿನ ದಿನಗಳಲ್ಲಿ ತಕರಾರು ಹುಟ್ಟುವುದು ಹಣ ಸೇರದೆ ಅಲ್ಲ, ಸೇರಿದ ಹಣದ ಲೆಕ್ಕದಲ್ಲಿ ಅಂತ ನನಗನಿಸುತ್ತದೆ.

80ಜಿ, ಅಂದರೆ ದಾನ ಕೊಟ್ಟವರಿಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ, ಅದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮಾನ್ಯತೆ ಇರುವ ಸಂಸ್ಥೆಗೆ ಕೊಟ್ಟರೆ ಮಾತ್ರ ಆ ತೆರಿಗೆ ರಿಯಾಯಿತಿ. ನಗದಾದರೆ 2000 ರೂಪಾಯಿ ದಾಟಬಾರದು. ರೋಗಿಯ ಖಾತೆಗೆ ನೇರವಾಗಿ ಹಾಕಿದ್ದಕ್ಕೆ ಏನೂ ಸಿಗುವುದಿಲ್ಲ.

ಇನ್ನು ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್, ಅಂದರೆ ಸಮಾಜಸೇವೆಗೆ ಹಣ ಎತ್ತಲು ಷೇರುಪೇಟೆಯಲ್ಲಿರುವ ಒಂದು ವಿಭಾಗ. ಷೇರುಪೇಟೆಯ ನಿಯಂತ್ರಕ ಸೆಬಿ 2022ರಲ್ಲಿ ಇದಕ್ಕೆ ನಿಯಮ ಮಾಡಿತು. ಇಲ್ಲಿ ಸೇವಾ ಸಂಸ್ಥೆಗಳು ಬಾಂಡಿನಂಥ ಒಂದು ಪತ್ರ ಕೊಟ್ಟು ಹಣ ಎತ್ತುತ್ತವೆ. ಬಡ್ಡಿಯೂ ಇಲ್ಲ, ಅಸಲೂ ವಾಪಸ್ ಇಲ್ಲ. (ಭಾವನಿಗೆ ಕೊಟ್ಟ ಕೈಸಾಲದ ಹಾಗೆ.) ಆದರೆ ಆ ಹಣದಲ್ಲಿ ಏನು ಕೆಲಸ ಆಯಿತೆಂದು ಸಂಸ್ಥೆ ವರ್ಷ ವರ್ಷ ವರದಿ ಕೊಡಲೇಬೇಕು. ನನಗೆ ಹಿಡಿಸಿದ್ದು ಇದೇ. ಒಂದೇ ಕೊರತೆ, ಅದು ನೋಂದಾಯಿತ ಸಂಸ್ಥೆಗಳಿಗೆ ಮಾತ್ರ. ಬದಿಯಡ್ಕದ ಸಮಿತಿಗೆ ಅಲ್ಲಿ ಜಾಗವಿಲ್ಲ.

ಫ್ಲೆಕ್ಸಿನಲ್ಲಿದ್ದ ನಂಬರ್ ಬರೆದುಕೊಂಡು ಬಂದಿದ್ದೇನೆ. ನಾಳೆ ಫೋನ್ ಮಾಡಿ, ಎಷ್ಟು ಸೇರಿತು ಅಂತ ಕೇಳಬೇಕು.